ಮದ್ದು ಊರಿಗೆ ಬಂದಿದೆ, ಪರೀಕ್ಷೆ ಬಂದಿಲ್ಲ

ಔಷಧಿ ಅಂಗಡಿಯಲ್ಲಿ ‘ಸಿಕ್ಸ್ ಟ್ವೆಂಟಿಫೈವ್ ಕೊಡಿ’ ಎಂದರೆ ಸಾಕು, ಯಾವ ಮಾತ್ರೆಯೆಂದು ಯಾರೂ ಮರುಪ್ರಶ್ನೆ ಹಾಕುವುದಿಲ್ಲ. ಆಗ್ಮೆಂಟಿನ್, ಕ್ಲಾವಮ್, ಮಾಕ್ಸಿಕೈಂಡ್ ಸಿವಿ ಹೀಗೆ ಯಾವುದೋ ಒಂದು ಹೆಸರಿನ ಮಾತ್ರೆಪಟ್ಟಿ ಕೈಗೆ ಬರುತ್ತದೆ. ಆ 625 ಮಿಲಿಗ್ರಾಮಿನಲ್ಲಿ ಬ್ಯಾಕ್ಟೀರಿಯಾ ಕೊಲ್ಲುವ ಅಮಾಕ್ಸಿಸಿಲಿನ್ ಇರುವುದು 500 ಮಿಲಿಗ್ರಾಂ. ಮಿಕ್ಕ 125 ಕ್ಲಾವುಲಾನಿಕ್ ಆಮ್ಲ. ಬ್ಯಾಕ್ಟೀರಿಯಾವನ್ನು ಕೊಲ್ಲುವ ಶಕ್ತಿ ಅದಕ್ಕೆ ಹೆಚ್ಚೇನೂ ಇಲ್ಲ. ಬ್ಯಾಕ್ಟೀರಿಯಾ ತಯಾರಿಸುವ ಒಂದು ಕಿಣ್ವ ಅಮಾಕ್ಸಿಸಿಲಿನ್ನನ್ನು ಹಾಳುಮಾಡದಂತೆ ತಡೆಯುವುದಷ್ಟೇ ಅದರ ಕೆಲಸ.

ಹೀಗೆ ಆಂಟಿಬಯೋಟಿಕ್ಕಿನ ಬೆನ್ನಿಗೆ ನಿಲ್ಲುವ ಔಷಧಿಗಳಿಗೆ ಕಿಣ್ವ ಪ್ರತಿಬಂಧಕಗಳು ಎಂದು ಹೆಸರು. ಇವು ಬಾರದೆ ಇದ್ದಿದ್ದರೆ ಪೆನಿಸಿಲಿನ್ ವಂಶದ ಎಷ್ಟೋ ಔಷಧಿಗಳು ಎಂದೋ ಮೂಲೆ ಸೇರುತ್ತಿದ್ದವು. ಈಗ ಇವುಗಳ ಬಲವೂ ಕುಂದುತ್ತಿದೆ. ಹೊಸವು ಬರುತ್ತಿವೆ, ಆದರೆ ನಮ್ಮ ದೇಶದಲ್ಲಿ ಹೆಚ್ಚಾಗಿ ಕಾಣುವ ಒಂದು ಕಿಣ್ವದ ಮುಂದೆ ಅವುಗಳಲ್ಲಿ ಬಹುಪಾಲು ಕೈಚೆಲ್ಲುತ್ತವೆ.

ಈ ಪ್ರಶ್ನೆಯನ್ನು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳಲ್ಲಿ ನಿಂತು ನೋಡುವುದಕ್ಕೆ ಕಾರಣವಿದೆ. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರೆಯಾಗಿ, 2025ರಲ್ಲಿ ‘ಬೆಂಗಳೂರು ದಕ್ಷಿಣ’ ಎಂಬ ಹೆಸರು ಪಡೆದ ಈ ಸೀಮೆಯಲ್ಲಿ ಆಂಟಿಬಯೋಟಿಕ್ ಬಳಸುವವರು ಮನುಷ್ಯರಷ್ಟೇ ಅಲ್ಲ, ಮನೆಮನೆಯ ಸೀಮೆಹಸುಗಳೂ ಹೌದು. ಬೆಂಗಳೂರಿನ ಕೊಳಚೆ ಹೊತ್ತ ಹೊಳೆ ಇದೇ ನೆಲದ ಮೇಲೆ ಹರಿದು ಕಾವೇರಿಯ ಕಡೆಗೆ ಹೋಗುತ್ತದೆ. ಹೊಸ ಔಷಧಿಗಳನ್ನು ಹುಡುಕುತ್ತಿರುವ ಪ್ರಯೋಗಾಲಯಗಳು ಒಂದೆರಡು ಗಂಟೆಯ ದಾರಿಯಲ್ಲಿವೆ.

ಔಷಧಿಗಿಂತ ಮೊದಲೇ ಸಿಕ್ಕ ಕಿಣ್ವ

ಪೆನಿಸಿಲಿನ್ ಗುಂಪಿನ ಎಲ್ಲ ಔಷಧಿಗಳ ನಡುವೆಯೂ ನಾಲ್ಕು ಪರಮಾಣುಗಳ ಒಂದು ಪುಟ್ಟ ಉಂಗುರವಿದೆ. ಅದನ್ನು ಬೀಟಾ-ಲ್ಯಾಕ್ಟಮ್ ಉಂಗುರ ಎನ್ನುತ್ತಾರೆ. ಬ್ಯಾಕ್ಟೀರಿಯಾ ತನ್ನ ಸುತ್ತಲಿನ ಗೋಡೆ ಕಟ್ಟಿಕೊಳ್ಳಲು ಬಳಸುವ ಪ್ರೋಟೀನುಗಳಿಗೆ ಈ ಉಂಗುರ ಹೋಗಿ ಅಂಟಿಕೊಳ್ಳುತ್ತದೆ. ಗೋಡೆಯ ಕೆಲಸ ನಿಲ್ಲುತ್ತದೆ, ಬ್ಯಾಕ್ಟೀರಿಯಾ ಒಡೆದು ಸಾಯುತ್ತದೆ. ಸೆಫಲೋಸ್ಪೋರಿನ್‌ಗಳು ಮತ್ತು ಮೆರೊಪೆನೆಮ್‌ನಂಥ ಕಾರ್ಬಪೆನೆಮ್‌ಗಳು ಕೂಡ ಇದೇ ಉಂಗುರವನ್ನು ನಂಬಿಕೊಂಡ ಔಷಧಿಗಳು. ಉಂಗುರ ಮುರಿದರೆ ಔಷಧಿಯ ಕತೆ ಮುಗಿಯಿತು. ಅದನ್ನು ಮುರಿಯುವ ಕಿಣ್ವಗಳೇ ಬೀಟಾ-ಲ್ಯಾಕ್ಟಮೇಸ್‌ಗಳು.

ಇಂಥ ಕಿಣ್ವ ಇದೆಯೆಂದು ಆಕ್ಸ್‌ಫರ್ಡಿನ ಎಡ್ವರ್ಡ್ ಅಬ್ರಹಾಂ ಮತ್ತು ಅರ್ನ್ಸ್ಟ್ ಚೈನ್ ಪ್ರಕಟಿಸಿದ್ದು 1940ರಲ್ಲಿ. ಶುದ್ಧೀಕರಿಸಿದ ಪೆನಿಸಿಲಿನ್ನನ್ನು ಆಕ್ಸ್‌ಫರ್ಡ್ ತಂಡ ಮೊದಲ ರೋಗಿಗೆ ಕೊಟ್ಟು ಚಿಕಿತ್ಸೆಗೆ ತೊಡಗಿದ್ದು 1941ರ ಫೆಬ್ರುವರಿಯಲ್ಲಿ. ಅಂದರೆ ಮದ್ದು ರೋಗಿಯನ್ನು ಮುಟ್ಟುವ ಮೊದಲೇ ಅದನ್ನು ಮುರಿಯುವ ಕಿಣ್ವ ವಿಜ್ಞಾನಿಗಳ ಕಣ್ಣಿಗೆ ಬಿದ್ದಿತ್ತು. ಮಣ್ಣಿನ ಸೂಕ್ಷ್ಮಜೀವಿಗಳು ಲಕ್ಷಾಂತರ ವರ್ಷಗಳಿಂದ ಇಂಥ ರಾಸಾಯನಿಕಗಳನ್ನು ಒಂದರ ಮೇಲೊಂದು ಎಸೆಯುತ್ತಲೇ ಬಂದಿವೆ. ಎಸೆದದ್ದನ್ನು ಮುರಿಯುವ ಉಪಾಯವೂ ಅಷ್ಟೇ ಹಳೆಯದು. ಮನುಷ್ಯ ಈ ಜಗಳದ ನಡುವೆ ಬಂದದ್ದು ನಿನ್ನೆ ಮೊನ್ನೆ. ಆದರೆ ಟನ್‌ಗಟ್ಟಲೆ ಔಷಧಿ ಸುರಿದು, ಕಿಣ್ವ ಹೊತ್ತ ಬ್ಯಾಕ್ಟೀರಿಯಾ ಮಾತ್ರ ಬದುಕುಳಿಯುವಂತೆ ಮಾಡಿದ.

1960ರ ದಶಕದಲ್ಲಿ ಅಥೆನ್ಸಿನ ರೋಗಿಯೊಬ್ಬರಲ್ಲಿ ಸಿಕ್ಕ ಟೆಮ್ ಎಂಬ ಕಿಣ್ವ ಇ. ಕೋಲೈಯಂಥ ಕರುಳಿನ ಬ್ಯಾಕ್ಟೀರಿಯಾಗಳಲ್ಲಿ ಲೋಕವೆಲ್ಲ ಹರಡಿತು. ಈ ಕಿಣ್ವಗಳ ಜೀನು ಪ್ಲಾಸ್ಮಿಡ್ ಎಂಬ ಸಣ್ಣ ಡಿಎನ್‌ಎ ಉಂಗುರದ ಮೇಲೆ ಕೂತಿರುತ್ತದೆ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ಇನ್ನೊಂದು ಜಾತಿಗೆ ದಾಟಿಸಬಲ್ಲದು. ಸೆಫೋಟಾಕ್ಸಿಮ್, ಸೆಫ್ಟ್ರಿಯಾಕ್ಸೋನ್ ಬಂದಮೇಲೆ ಅವನ್ನೂ ಮುರಿಯುವ ‘ಇಎಸ್‌ಬಿಎಲ್’ ಎಂಬ ವಿಸ್ತೃತ ಶಕ್ತಿಯ ಕಿಣ್ವಗಳು ಬಂದವು. ಅವುಗಳಲ್ಲಿ ಇಂದು ಜಗತ್ತಿನ ಎಲ್ಲ ಕಡೆ ಕಾಣುವ ಸಿಟಿಎಕ್ಸ್-ಎಂ-15 ಮೊದಲು ಗುರುತಾದದ್ದು ಭಾರತದಿಂದ ಹೋದ ಮಾದರಿಗಳಲ್ಲಿ, 2001ರ ವರದಿಯೊಂದರಲ್ಲಿ.

ಎರೆಯಾಗಿ ಬಂದ ಅಣು

ಕಿಣ್ವಕ್ಕೆ ಬಗ್ಗದ ಹೊಸ ಆಂಟಿಬಯೋಟಿಕ್ ಹುಡುಕುವುದು ಒಂದು ದಾರಿ. ಕಿಣ್ವವನ್ನೇ ಕಟ್ಟಿಹಾಕುವುದು ಇನ್ನೊಂದು. ಎರಡನೆಯ ದಾರಿಯನ್ನು ತೆರೆದದ್ದು ಇಂಗ್ಲೆಂಡಿನ ಬೀಚಮ್ ಕಂಪನಿ. ಸ್ಟ್ರೆಪ್ಟೊಮೈಸಿಸ್ ಕ್ಲಾವುಲಿಜೆರಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾದಿಂದ 1970ರ ದಶಕದಲ್ಲಿ ಅಲ್ಲಿನ ವಿಜ್ಞಾನಿಗಳು ಕ್ಲಾವುಲಾನಿಕ್ ಆಮ್ಲವನ್ನು ಬೇರ್ಪಡಿಸಿದರು. ನೋಡಲು ಅದೂ ಬೀಟಾ-ಲ್ಯಾಕ್ಟಮ್ ಉಂಗುರವುಳ್ಳ ಅಣು. ಇಲಿಬೋನಿನಲ್ಲಿ ಸಿಕ್ಕಿಸಿದ ಕೊಬ್ಬರಿ ಚೂರಿನಂತೆ ಅದು ಕೆಲಸ ಮಾಡುತ್ತದೆ: ಕಿಣ್ವ ಬಂದು ಬಾಯಿ ಹಾಕುತ್ತದೆ, ಕಚ್ಚಿದ್ದನ್ನು ಬಿಡಲಾರದೆ ಅಲ್ಲೇ ಸಿಕ್ಕಿಬೀಳುತ್ತದೆ. ಅಷ್ಟರಲ್ಲಿ ಅಮಾಕ್ಸಿಸಿಲಿನ್ ತನ್ನ ಕೆಲಸ ಮುಗಿಸುತ್ತದೆ.

ಈ ಜೋಡಿ ಆಗ್ಮೆಂಟಿನ್ ಎಂಬ ಹೆಸರಿನಲ್ಲಿ ಬ್ರಿಟನ್ನಿನ ಮಾರುಕಟ್ಟೆಗೆ ಬಂದದ್ದು 1981ರಲ್ಲಿ. ಹಿಂದೆಯೇ ಸಲ್ಬ್ಯಾಕ್ಟಮ್ ಬಂತು, ಟಾಜೊಬ್ಯಾಕ್ಟಮ್ ಬಂತು. ಪಿಪೆರಾಸಿಲಿನ್ ಜೊತೆ ಟಾಜೊಬ್ಯಾಕ್ಟಮ್ ಸೇರಿದ ಸೂಜಿಮದ್ದಿಗೆ ಅಮೆರಿಕ 1993ರಲ್ಲಿ ಒಪ್ಪಿಗೆ ಕೊಟ್ಟಿತು. ನಮ್ಮ ಆಸ್ಪತ್ರೆಗಳ ವಾರ್ಡುಗಳಲ್ಲಿ ದಾದಿಯರು ‘ಪಿಪ್‌ಟಾಜ್’ ಎಂದು ಕರೆಯುವುದು ಇದನ್ನೇ. ಅಮಾಕ್ಸಿಸಿಲಿನ್-ಕ್ಲಾವುಲಾನಿಕ್ ಆಮ್ಲ ಮತ್ತು ಪಿಪೆರಾಸಿಲಿನ್-ಟಾಜೊಬ್ಯಾಕ್ಟಮ್ ಎರಡೂ ಭಾರತದ ಅಗತ್ಯ ಔಷಧಿಗಳ ರಾಷ್ಟ್ರೀಯ ಪಟ್ಟಿಯಲ್ಲಿವೆ.

ಸರಿಯಾದ ಜಾಗದಲ್ಲಿ ಬಳಸಿದರೆ ಇವು ಇಂದಿಗೂ ಒಳ್ಳೆಯ ಮದ್ದುಗಳೇ. ನಾಯಿ ಕಚ್ಚಿದ ಗಾಯಕ್ಕೆ, ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೆ, ಹಲ್ಲಿನ ಬುಡದ ಕೀವಿಗೆ ವೈದ್ಯರು ಮೊದಲು ಯೋಚಿಸುವ ಔಷಧಿಗಳಲ್ಲಿ 625 ಒಂದು. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದದ್ದು. ಆ ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ, ಕೈ ಅದ್ದಿ ನೂಲೆಳೆ ತೆಗೆಯುವ ರೀಲಿಂಗ್ ಕೂಲಿಯವರ ಬೆರಳ ಸಂದಿಗಳು ಹುಣ್ಣಾಗುವುದು ಆ ಕಸುಬಿನ ಹಳೆಯ ಸಂಕಟ. ಇಂಥ ಹುಣ್ಣುಗಳಲ್ಲಿ ಸೇರಿಕೊಳ್ಳುವ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾ ಬಹುತೇಕ ಪೆನಿಸಿಲಿನ್ ಮುರಿಯುವ ಕಿಣ್ವವನ್ನು ಹೊತ್ತೇ ಬರುತ್ತದೆ. ಬರೀ ಅಮಾಕ್ಸಿಸಿಲಿನ್ ಸೋಲುವ ಅಲ್ಲಿ ಜೊತೆಮದ್ದು ಗೆಲ್ಲಬಲ್ಲದು.

ಆದರೆ ನೆಗಡಿ, ಗಂಟಲು ಕೆರೆತ, ಮೈಕೈ ನೋವಿನ ಜ್ವರಕ್ಕೆಲ್ಲ ಅದನ್ನೇ ನುಂಗುವುದರಿಂದ ಏನೂ ಸಿಗುವುದಿಲ್ಲ, ಏಕೆಂದರೆ ಬಹುಪಾಲು ನೆಗಡಿ ಜ್ವರಗಳು ವೈರಸ್ಸಿನಿಂದ ಬರುವಂಥವು. ಸಿಗುವುದು ಭೇದಿ. ಕ್ಲಾವುಲಾನಿಕ್ ಆಮ್ಲ ಹೊಟ್ಟೆ ಕೆಡಿಸುವುದರಲ್ಲಿ ಹೆಸರುವಾಸಿ, ಅಪರೂಪಕ್ಕೆ ಯಕೃತ್ತಿಗೆ ಪೆಟ್ಟು ಕೊಟ್ಟು ಕಾಮಾಲೆ ತರುವುದೂ ಉಂಟು. 375ರ ಮಾತ್ರೆಯಲ್ಲಿ 250 ಅಮಾಕ್ಸಿಸಿಲಿನ್, 125 ಕ್ಲಾವುಲಾನಿಕ್ ಆಮ್ಲ ಇರುತ್ತವೆ. ‘625 ಇಲ್ಲ, 375 ಎರಡು ನುಂಗಿ’ ಎಂದು ಯಾರಾದರೂ ಹೇಳಿದರೆ ಎರಡರಷ್ಟು ಕ್ಲಾವುಲಾನಿಕ್ ಆಮ್ಲ ಹೊಟ್ಟೆ ಸೇರುತ್ತದೆ.

ಹಳೆಯ ಮೂವರು ದಣಿದದ್ದು

ಕಿಣ್ವಗಳಲ್ಲಿ ನಾಲ್ಕು ಮನೆತನಗಳಿವೆ: ಎ, ಬಿ, ಸಿ, ಡಿ. ಕ್ಲಾವುಲಾನಿಕ್ ಆಮ್ಲ, ಸಲ್ಬ್ಯಾಕ್ಟಮ್, ಟಾಜೊಬ್ಯಾಕ್ಟಮ್ ಮೂರೂ ಮುಖ್ಯವಾಗಿ ಕಟ್ಟಿಹಾಕುವುದು ಎ ಮನೆತನದ ಕಿಣ್ವಗಳನ್ನು. ಸಿ ಮನೆತನದ ಮೇಲೆ ಇವುಗಳ ಹಿಡಿತ ಸಡಿಲ. ಬಿ ಮನೆತನದ ಕಿಣ್ವಗಳು ಸತುವಿನ ಅಯಾನು ಇಟ್ಟುಕೊಂಡು ಬೇರೆಯೇ ರೀತಿಯಲ್ಲಿ ಉಂಗುರ ಒಡೆಯುತ್ತವೆ. ಅವುಗಳ ಮುಂದೆ ಈ ಮೂರೂ ಲೆಕ್ಕಕ್ಕಿಲ್ಲ. ಇನ್ನು ಬ್ಯಾಕ್ಟೀರಿಯಾ ಒಂದೇ ಕಿಣ್ವವನ್ನು ಹತ್ತು ಪಟ್ಟು ಹೆಚ್ಚು ತಯಾರಿಸಿದರೆ, ಅಥವಾ ಒಂದರ ಬದಲು ಮೂರು ಬಗೆಯ ಕಿಣ್ವ ಇಟ್ಟುಕೊಂಡರೆ, ಎರೆಯಾಗಿ ಕಳಿಸಿದ ಅಣುಗಳು ಸಾಲದೆ ಹೋಗುತ್ತವೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2013ರಿಂದ ದೇಶದ ದೊಡ್ಡ ಆಸ್ಪತ್ರೆಗಳಲ್ಲಿ ಔಷಧ ನಿರೋಧಕತೆಯ ಲೆಕ್ಕ ಇಡುತ್ತಿದೆ. 2017ರಲ್ಲಿ ಪರೀಕ್ಷಿಸಿದ ಇ. ಕೋಲೈ ಮಾದರಿಗಳಲ್ಲಿ ಪಿಪೆರಾಸಿಲಿನ್-ಟಾಜೊಬ್ಯಾಕ್ಟಮ್‌ಗೆ ಬಗ್ಗುತ್ತಿದ್ದವು ಶೇ 56.8. 2023ರ ಹೊತ್ತಿಗೆ ಆ ಪ್ರಮಾಣ ಶೇ 42.4ಕ್ಕೆ ಇಳಿದಿತ್ತು. ಇವು ದೊಡ್ಡ ಆಸ್ಪತ್ರೆಗಳ ಅಂಕಿಗಳು, ಅಲ್ಲಿಗೆ ಬರುವವರು ಬೇರೆ ಕಡೆ ಔಷಧಿ ತಿಂದು ಸೋತು ಬಂದವರು. ಹಾಗಾಗಿ ಊರಿನ ಸಾಮಾನ್ಯ ಸೋಂಕಿಗೆ ಇದೇ ಅಂಕಿಯನ್ನು ಹಚ್ಚಲಾಗದು. ಇಳಿಮುಖ ಮಾತ್ರ ಸ್ಪಷ್ಟ.

ಪ್ರಯೋಗಾಲಯದಲ್ಲಿ ಬಗ್ಗಿದ್ದು ರೋಗಿಯ ಮೈಯಲ್ಲೂ ಬಗ್ಗುತ್ತದೆ ಎಂಬ ಭರವಸೆಯೂ ಇಲ್ಲ. ರಕ್ತಕ್ಕೆ ಸೋಂಕು ಹರಡಿದ, ಸೆಫ್ಟ್ರಿಯಾಕ್ಸೋನ್‌ಗೆ ಜಗ್ಗದ ಇ. ಕೋಲೈ ಅಥವಾ ಕ್ಲೆಬ್ಸಿಯೆಲ್ಲಾ ಇದ್ದ ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿದ ‘ಮೆರಿನೊ’ ಎಂಬ ಅಂತರರಾಷ್ಟ್ರೀಯ ಪರೀಕ್ಷೆಯ ಫಲಿತಾಂಶ 2018ರಲ್ಲಿ ಬಂತು. ಲ್ಯಾಬ್ ವರದಿಯ ಪ್ರಕಾರ ಎರಡೂ ಔಷಧಿಗಳು ಕೆಲಸ ಮಾಡಬೇಕಿತ್ತು. ಆದರೆ 30 ದಿನಗಳಲ್ಲಿ ಪಿಪೆರಾಸಿಲಿನ್-ಟಾಜೊಬ್ಯಾಕ್ಟಮ್ ಪಡೆದವರಲ್ಲಿ ಶೇ 12.3 ಮಂದಿ ತೀರಿಕೊಂಡರು, ಮೆರೊಪೆನೆಮ್ ಪಡೆದವರಲ್ಲಿ ಶೇ 3.7. ಅಂದಿನಿಂದ ಇಂಥ ತೀವ್ರ ಸೋಂಕಿಗೆ ವೈದ್ಯರು ನೇರವಾಗಿ ಕಾರ್ಬಪೆನೆಮ್ ಕೈಗೆತ್ತಿಕೊಳ್ಳುವುದು ಹೆಚ್ಚಾಯಿತು. ಅದರ ಬೆಲೆ ಬೇರೆ ಕಡೆ ತೆರಬೇಕಾಯಿತು: ಕಾರ್ಬಪೆನೆಮ್ ಬಳಕೆ ಹೆಚ್ಚಿದಷ್ಟೂ ಅದನ್ನು ಮುರಿಯುವ ಕಿಣ್ವಗಳಿಗೆ ಹಬ್ಬ.

ಸತುವಿನ ಕಿಣ್ವ

ಅಂಥ ಕಿಣ್ವಗಳಲ್ಲಿ ನಮಗೆ ಹತ್ತಿರದ್ದು ನ್ಯೂ ಡೆಲ್ಲಿ ಮೆಟಲೊ-ಬೀಟಾ-ಲ್ಯಾಕ್ಟಮೇಸ್, ಚಿಕ್ಕದಾಗಿ ಎನ್‌ಡಿಎಂ. ಭಾರತದಲ್ಲಿ ಚಿಕಿತ್ಸೆ ಪಡೆದು ಸ್ವೀಡನ್ನಿಗೆ ಮರಳಿದ ರೋಗಿಯೊಬ್ಬರಲ್ಲಿ 2008ರಲ್ಲಿ ಸಿಕ್ಕು, 2009ರ ಕೊನೆಗೆ ವಿಜ್ಞಾನ ಪತ್ರಿಕೆಯಲ್ಲಿ ವರದಿಯಾಯಿತು. 2010ರಲ್ಲಿ ‘ಲ್ಯಾನ್ಸೆಟ್ ಇನ್ಫೆಕ್ಷಿಯಸ್ ಡಿಸೀಸಸ್’ ಭಾರತ, ಪಾಕಿಸ್ತಾನ, ಬ್ರಿಟನ್ನುಗಳ ಮಾದರಿಗಳಲ್ಲಿ ಅದು ಇರುವುದನ್ನು ಪ್ರಕಟಿಸಿದಾಗ ನಮ್ಮಲ್ಲಿ ಗದ್ದಲವೆದ್ದಿತು. ಗದ್ದಲ ಹೆಚ್ಚಾಗಿ ನಡೆದದ್ದು ದೆಹಲಿಯ ಹೆಸರು ಇಟ್ಟದ್ದರ ಬಗ್ಗೆ, ಕಿಣ್ವದ ಬಗ್ಗೆ ಅಲ್ಲ. 2011ರಲ್ಲಿ ದೆಹಲಿಯ ಬೀದಿಯ ನೀರನ್ನು ಪರೀಕ್ಷಿಸಿದಾಗ 171 ಕೊಚ್ಚೆ ನೀರಿನ ಮಾದರಿಗಳಲ್ಲಿ 51ರಲ್ಲಿ, 50 ನಲ್ಲಿ ನೀರಿನ ಮಾದರಿಗಳಲ್ಲಿ ಎರಡರಲ್ಲಿ ಎನ್‌ಡಿಎಂ ಜೀನು ಸಿಕ್ಕಿತು. ಇದು ಆಸ್ಪತ್ರೆಯ ಗೋಡೆಯೊಳಗಿನ ವಿಷಯವಾಗಿ ಉಳಿದಿಲ್ಲ ಎಂಬುದು ಆಗಲೇ ಖಚಿತವಾಗಿತ್ತು.

ಎನ್‌ಡಿಎಂ ಪೆನಿಸಿಲಿನ್, ಸೆಫಲೋಸ್ಪೋರಿನ್, ಕಾರ್ಬಪೆನೆಮ್ ಮೂರನ್ನೂ ಮುರಿಯುತ್ತದೆ. ಅದು ಮುಟ್ಟದೆ ಬಿಡುವ ಬೀಟಾ-ಲ್ಯಾಕ್ಟಮ್ ಎಂದರೆ ಅಜ್ಟ್ರಿಯೊನಾಮ್ ಎಂಬ ಹಳೆಯ ಔಷಧಿ. ತೊಂದರೆಯೆಂದರೆ ಎನ್‌ಡಿಎಂ ಹೊತ್ತ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಜೊತೆಗೆ ಇಎಸ್‌ಬಿಎಲ್ ಅನ್ನೂ ಇಟ್ಟುಕೊಂಡಿರುತ್ತದೆ, ಅದು ಅಜ್ಟ್ರಿಯೊನಾಮನ್ನು ಒಡೆಯುತ್ತದೆ.

ಹೊಸ ತಲೆಮಾರು ಎಲ್ಲಿಯವರೆಗೆ

2015ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಸೆಫ್ಟಾಜಿಡಿಮ್-ಅವಿಬ್ಯಾಕ್ಟಮ್ ಜೋಡಿಯನ್ನು ಒಪ್ಪಿದರು. ಅವಿಬ್ಯಾಕ್ಟಮ್‌ನಲ್ಲಿ ಬೀಟಾ-ಲ್ಯಾಕ್ಟಮ್ ಉಂಗುರವಿಲ್ಲ. ಕಿಣ್ವಕ್ಕೆ ಅಂಟಿಕೊಂಡು, ಬಿಟ್ಟು, ಮತ್ತೆ ಇನ್ನೊಂದಕ್ಕೆ ಅಂಟಿಕೊಳ್ಳಬಲ್ಲದು. ಎ ಮತ್ತು ಸಿ ಮನೆತನಗಳನ್ನೂ ಡಿ ಮನೆತನದ ಒಎಕ್ಸ್‌ಎ-48 ಅನ್ನೂ ಅದು ಹಿಡಿಯುತ್ತದೆ. 2017ರಲ್ಲಿ ಬೋರಾನ್ ಇರುವ ವಾಬೊರ್‌ಬ್ಯಾಕ್ಟಮ್ ಮೆರೊಪೆನೆಮ್ ಜೊತೆ ಬಂತು. 2019ರಲ್ಲಿ ರೆಲೆಬ್ಯಾಕ್ಟಮ್, 2023ರಲ್ಲಿ ಅಸಿನೆಟೊಬ್ಯಾಕ್ಟರ್ ಎಂಬ ಐಸಿಯು ಪೀಡೆಗಾಗಿ ಸಲ್ಬ್ಯಾಕ್ಟಮ್-ಡರ್ಲೊಬ್ಯಾಕ್ಟಮ್ ಬಂದವು. ಅಮೆರಿಕದ ಆಸ್ಪತ್ರೆಗಳನ್ನು ಕಾಡುವ ಕೆಪಿಸಿ ಎಂಬ ಕಿಣ್ವಕ್ಕೆ ಇವುಗಳಲ್ಲಿ ಹಲವು ಒಳ್ಳೆಯ ಉತ್ತರ. ಎನ್‌ಡಿಎಂಗೆ ಇವುಗಳಲ್ಲಿ ಒಂದೂ ಉತ್ತರವಲ್ಲ. ಲಾಭ ಕಾಣುವ ಮಾರುಕಟ್ಟೆ ಎಲ್ಲಿದೆಯೋ ಅಲ್ಲಿನ ಕಿಣ್ವಕ್ಕೆ ಮೊದಲು ಮದ್ದು ಹುಟ್ಟುತ್ತದೆ.

ಭಾರತದ ವೈದ್ಯರು ಹಾಗೆಂದು ಕೈಕಟ್ಟಿ ಕೂರಲಿಲ್ಲ. ಸೆಫ್ಟಾಜಿಡಿಮ್-ಅವಿಬ್ಯಾಕ್ಟಮ್ ಜೊತೆಗೆ ಅಜ್ಟ್ರಿಯೊನಾಮನ್ನೂ ಸೇರಿಸಿ ಕೊಡುವ ಕ್ರಮ ಇಲ್ಲಿನ ಐಸಿಯುಗಳಲ್ಲಿ ರೂಢಿಗೆ ಬಂತು: ಅವಿಬ್ಯಾಕ್ಟಮ್ ಇಎಸ್‌ಬಿಎಲ್ ಅನ್ನು ತಡೆಯಲಿ, ಎನ್‌ಡಿಎಂ ಮುಟ್ಟದ ಅಜ್ಟ್ರಿಯೊನಾಮ್ ಕೊಲ್ಲಲಿ ಎಂಬ ಲೆಕ್ಕ. ಅಜ್ಟ್ರಿಯೊನಾಮ್-ಅವಿಬ್ಯಾಕ್ಟಮ್ ಒಂದೇ ಔಷಧಿಯಾಗಿ ಯುರೋಪಿನಲ್ಲಿ 2024ರಲ್ಲಿ, ಅಮೆರಿಕದಲ್ಲಿ 2025ರಲ್ಲಿ ಒಪ್ಪಿಗೆ ಪಡೆಯಿತು.

ಭಾರತದ ಪ್ರಯೋಗಾಲಯಗಳ ಪಾಲೂ ಇದರಲ್ಲಿದೆ. ಚೆನ್ನೈನ ಆರ್ಕಿಡ್ ಫಾರ್ಮಾ ಕಂಡುಹಿಡಿದ ಎನ್‌ಮೆಟಜೊಬ್ಯಾಕ್ಟಮ್, ಸೆಫೆಪಿಮ್ ಜೊತೆ ಸೇರಿ 2024ರ ಫೆಬ್ರುವರಿಯಲ್ಲಿ ಅಮೆರಿಕದ ಒಪ್ಪಿಗೆ ಪಡೆಯಿತು. ಮೂತ್ರಕೋಶ, ಮೂತ್ರಪಿಂಡಗಳ ಜಟಿಲ ಸೋಂಕಿನಲ್ಲಿ ಅದನ್ನು ಪಿಪೆರಾಸಿಲಿನ್-ಟಾಜೊಬ್ಯಾಕ್ಟಮ್ ಎದುರು ನಿಲ್ಲಿಸಿ ನೋಡಿದಾಗ ಯಶಸ್ಸು ಶೇ 79.1 ಮತ್ತು ಶೇ 58.9. ಇಎಸ್‌ಬಿಎಲ್ ಎದುರು ಕಾರ್ಬಪೆನೆಮ್ ಬಳಸದೆ ಗೆಲ್ಲುವ ಒಂದು ದಾರಿ ಇದರಿಂದ ತೆರೆದಿದೆ. ವೊಕ್‌ಹಾರ್ಟ್ ಕಂಪನಿಯ ಜಿಡೆಬ್ಯಾಕ್ಟಮ್ ಇನ್ನೊಂದು ಬಗೆಯದು. ಅದು ಕಿಣ್ವ ತಡೆಯುವುದರ ಜೊತೆಗೆ ಬ್ಯಾಕ್ಟೀರಿಯಾದ ಗೋಡೆ ಕಟ್ಟುವ ಪ್ರೋಟೀನಿಗೂ ಅಂಟಿಕೊಳ್ಳುತ್ತದೆ. ಹಾಗಾಗಿ ಎನ್‌ಡಿಎಂ ಇದ್ದಾಗಲೂ ಸೆಫೆಪಿಮ್‌ಗೆ ಬಲ ಕೊಡಬಲ್ಲದು ಎಂಬ ನಿರೀಕ್ಷೆ ಇದೆ.

ಬೆಂಗಳೂರಿನಲ್ಲಿ ಈ ಕೆಲಸ ಇನ್ನೂ ಮೊದಲ ಮೆಟ್ಟಿಲುಗಳಲ್ಲಿದೆ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಜಯಂತ ಹಲ್ದಾರ್ ಅವರ ತಂಡ ವ್ಯಾಂಕೊಮೈಸಿನ್ ಅಣುವಿಗೆ ಸತುವನ್ನು ಹಿಡಿಯುವ ತುದಿಯೊಂದನ್ನು ಜೋಡಿಸಿತು. ಎನ್‌ಡಿಎಂನ ಜೀವಾಳವೇ ಸತು. ಅದನ್ನು ಕಿತ್ತುಕೊಂಡರೆ ಮೆರೊಪೆನೆಮ್ ಮತ್ತೆ ಕೆಲಸ ಮಾಡುತ್ತದೆ ಎಂದು 2018ರಲ್ಲಿ ತೋರಿಸಿತು. ಸತು ನಮ್ಮ ದೇಹದ ಎಷ್ಟೋ ಕಿಣ್ವಗಳಿಗೂ ಬೇಕು. ಬ್ಯಾಕ್ಟೀರಿಯಾದ ಸತುವನ್ನು ಕಿತ್ತು ರೋಗಿಯದನ್ನು ಬಿಡುವ ಅಣು ಮಾಡುವುದೇ ಈ ದಾರಿಯ ಕಷ್ಟ. 2014ರಲ್ಲಿ ಅಸ್ಟ್ರಾಜೆನೆಕಾ ಕಂಪನಿ ತನ್ನ ಬೆಂಗಳೂರಿನ ಸಂಶೋಧನಾ ಕೇಂದ್ರವನ್ನು ಮುಚ್ಚುವುದಾಗಿ ಹೇಳಿತು. ಅಲ್ಲಿ ಪಳಗಿದ ವಿಜ್ಞಾನಿಗಳು ಅದೇ ವರ್ಷ ಶುರುವಾದ ಬಗ್‌ವರ್ಕ್ಸ್ ಕಂಪನಿಯಲ್ಲಿ ಕೈಜೋಡಿಸಿದರು. ಬೀಟಾ-ಲ್ಯಾಕ್ಟಮ್‌ನ ಗೋಜಿಗೇ ಹೋಗದೆ ಬ್ಯಾಕ್ಟೀರಿಯಾದ ಡಿಎನ್‌ಎ ಬಿಚ್ಚುವ ಎರಡು ಕಿಣ್ವಗಳನ್ನು ಒಟ್ಟಿಗೆ ತಡೆಯುವ ಅಣು ಅವರದು. ರೇಷ್ಮೆ ಸೀಮೆಯವರಿಗೆ ಇಷ್ಟವಾಗಬಹುದಾದ ಸಂಗತಿ ಇನ್ನೊಂದಿದೆ: ಟೋಕಿಯೊದಲ್ಲಿ ಕಜುಹಿಸಾ ಸೆಕಿಮಿಜು ಅವರ ತಂಡ ಹೊಸ ಆಂಟಿಬಯೋಟಿಕ್‌ಗಳನ್ನು ಇಲಿಗಿಂತ ಮೊದಲು ರೇಷ್ಮೆಹುಳುವಿನ ಮೇಲೆ ಪರೀಕ್ಷಿಸುವ ವಿಧಾನ ಬೆಳೆಸಿ, ಅದರಿಂದಲೇ ಲೈಸೊಸಿನ್-ಇ ಎಂಬ ಹೊಸ ಅಣುವನ್ನು ಹೆಕ್ಕಿತು.

ಕೊಟ್ಟಿಗೆಯಲ್ಲೂ ಅದೇ ಸೀಸೆ

ಈ ಸೀಮೆಯಲ್ಲಿ ಬೆಳಗ್ಗೆ ಸಂಜೆ ಡೇರಿಗೆ ಹಾಲು ಹಾಕುವುದು ರೇಷ್ಮೆಯಷ್ಟೇ ಗಟ್ಟಿ ಜೀವನೋಪಾಯ. ಬೆಂಗಳೂರು ಹಾಲು ಒಕ್ಕೂಟಕ್ಕೆ ಹಾಲು ಹೋಗುವ ಊರುಗಳಿವು. ಹೆಚ್ಚು ಹಾಲು ಕರೆಯುವ ಮಿಶ್ರತಳಿ ಹಸುವಿಗೆ ಮೊದಲು ಬರುವ ಕಾಯಿಲೆ ಕೆಚ್ಚಲು ಬಾವು. ಹಾಲು ಗಡ್ಡೆ ಕಟ್ಟಿದರೆ, ಕೆಚ್ಚಲು ಬಿಸಿಯಾಗಿ ಊದಿದರೆ, ದಿನದ ಸಂಪಾದನೆ ನಿಂತಿತೆಂದೇ ಲೆಕ್ಕ. ಆಗ ಕೊಡುವ ಸೂಜಿಗಳಲ್ಲಿ ಸೆಫ್ಟ್ರಿಯಾಕ್ಸೋನ್-ಟಾಜೊಬ್ಯಾಕ್ಟಮ್, ಸೆಫ್ಟ್ರಿಯಾಕ್ಸೋನ್-ಸಲ್ಬ್ಯಾಕ್ಟಮ್, ಅಮಾಕ್ಸಿಸಿಲಿನ್-ಸಲ್ಬ್ಯಾಕ್ಟಮ್ ಜೋಡಿಗಳು ಭಾರತದ ಪಶು ಔಷಧಿ ಮಾರುಕಟ್ಟೆಯಲ್ಲಿ ಸರಾಗವಾಗಿ ಸಿಗುತ್ತವೆ. ಸೆಫ್ಟ್ರಿಯಾಕ್ಸೋನ್ ಸೇರಿರುವ ಮೂರನೆಯ ತಲೆಮಾರಿನ ಸೆಫಲೋಸ್ಪೋರಿನ್‌ಗಳನ್ನು ವಿಶ್ವ ಆರೋಗ್ಯ ಸಂಸ್ಥೆ ಮನುಷ್ಯರ ಚಿಕಿತ್ಸೆಗೆ ಅತ್ಯಂತ ಆದ್ಯತೆಯ ಗುಂಪಿನಲ್ಲಿ ಇಟ್ಟಿದೆ. ಬಾಣಂತಿಯ ನಂಜಿಗೆ ಉಳಿಸಿಕೊಳ್ಳಬೇಕಾದ ಜೋಡಿ ಕೊಟ್ಟಿಗೆಯಲ್ಲಿ ದಿನದ ಮಾತಾದರೆ, ಕಿಣ್ವ ಹೊತ್ತ ಬ್ಯಾಕ್ಟೀರಿಯಾ ಸಗಣಿಯಲ್ಲಿ, ಗೊಬ್ಬರದಲ್ಲಿ, ಹಾಲು ಕರೆಯುವ ಕೈಯಲ್ಲಿ ಬೆಳೆಯುತ್ತದೆ.

ಇದಕ್ಕಾಗಿ ರೈತನನ್ನು ದೂರುವುದು ಸುಲಭ, ನ್ಯಾಯವಲ್ಲ. ಎರಡು ಹಸು ಇರುವ ಮನೆಗೆ ಒಂದು ಕೆಚ್ಚಲು ಕೆಟ್ಟರೆ ಆಗುವ ನಷ್ಟ ದೊಡ್ಡದು, ಕೂಡಲೇ ಗುಣವಾಗಲಿ ಎಂದು ಬಯಸುವುದು ಸಹಜ. ಆದರೆ ಮಾಡಬಹುದಾದದ್ದು ಇದೆ. ಕೆಚ್ಚಲು ಬಾವಿಗೆ ಲೋಳೆಸರ, ಅರಿಶಿನ, ಸುಣ್ಣ ಅರೆದು ಹಚ್ಚುವ ವಿಧಾನವನ್ನು ಬೆಂಗಳೂರಿನ ಯಲಹಂಕದ ಟ್ರಾನ್ಸ್ ಡಿಸಿಪ್ಲಿನರಿ ವಿಶ್ವವಿದ್ಯಾಲಯ ಮತ್ತು ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಹಳ್ಳಿಗಳಲ್ಲಿ ಪ್ರಚಾರ ಮಾಡುತ್ತಾ ಬಂದಿವೆ. ಕರೆಯುವ ಮುನ್ನ ಮತ್ತು ನಂತರ ಕೆಚ್ಚಲು ತೊಳೆಯುವುದು, ಕರೆದ ಮೇಲೆ ಹಸು ಸ್ವಲ್ಪ ಹೊತ್ತು ಮಲಗದಂತೆ ಮೇವು ಹಾಕುವುದು ಖರ್ಚಿಲ್ಲದ ಕೆಲಸಗಳು. ಸೂಜಿ ಕೊಟ್ಟ ಮೇಲೆ ಎಷ್ಟು ದಿನ ಹಾಲು ಡೇರಿಗೆ ಹಾಕಬಾರದು ಎಂಬುದು ಸೀಸೆಯ ಮೇಲೆ ಬರೆದಿರಬೇಕು. ಆ ಔಷಧಿಗೆಂದೇ ದಿನ ಗೊತ್ತುಪಡಿಸದಿದ್ದರೆ ಹಾಲಿಗೆ ಕನಿಷ್ಠ ಏಳು ದಿನ ಎಂದು 2012ರ ನಿಯಮವಿದೆ. ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ದೇಶದಾದ್ಯಂತ ಪರೀಕ್ಷಿಸಿದ 6,432 ಹಾಲಿನ ಮಾದರಿಗಳಲ್ಲಿ 77ರಲ್ಲಿ ಆಂಟಿಬಯೋಟಿಕ್ ಉಳಿಕೆ ಮಿತಿ ಮೀರಿತ್ತು. ಅಂಕಿ ಸಣ್ಣದು. ಆದರೆ ಹಾಲಿನ ಉಳಿಕೆಯ ಲೆಕ್ಕ ಸಗಣಿಯಲ್ಲಿ ಬೆಳೆಯುವ ನಿರೋಧಕ ಬ್ಯಾಕ್ಟೀರಿಯಾದ ಲೆಕ್ಕವಲ್ಲ. ಎರಡನ್ನೂ ಬೇರೆ ಬೇರೆಯಾಗಿ ಅಳೆಯಬೇಕು.

ವೃಷಭಾವತಿಯ ದಾರಿ

ಬೆಂಗಳೂರಿನಲ್ಲಿ ಹುಟ್ಟಿ ನಗರದ ಒಳಚರಂಡಿ, ಕಾರ್ಖಾನೆ ನೀರು ಹೊತ್ತು ಬರುವ ವೃಷಭಾವತಿ ಬಿಡದಿಯ ಬಳಿಯ ಬೈರಮಂಗಲ ಕೆರೆಗೆ ಬೀಳುತ್ತದೆ. ಅಲ್ಲಿಂದ ಮುಂದೆ ಅರ್ಕಾವತಿಯನ್ನು ಸೇರಿ, ಕನಕಪುರ ತಾಲ್ಲೂಕಿನ ಸಂಗಮದಲ್ಲಿ ಕಾವೇರಿಗೆ ಕೂಡುತ್ತದೆ. ಬೈರಮಂಗಲದ ಅಚ್ಚುಕಟ್ಟಿನ ರೈತರು ನೊರೆ ತುಂಬಿದ ಆ ನೀರಿನಲ್ಲೇ ಸೀಮೆಹುಲ್ಲು, ಬೇಬಿಕಾರ್ನ್ ಬೆಳೆಯುತ್ತಾರೆ. ಹುಲ್ಲು ಹಸುವಿಗೆ, ಹಾಲು ಮತ್ತೆ ಬೆಂಗಳೂರಿಗೆ.

ಒಂದು ಮಹಾನಗರದ ಮಲಮೂತ್ರ, ಆಸ್ಪತ್ರೆಗಳ ಕೊಳಚೆ ಒಂದೆಡೆ ಸೇರಿದ ನೀರು ಪ್ಲಾಸ್ಮಿಡ್‌ಗಳು ಕೈ ಬದಲಾಯಿಸುವುದಕ್ಕೆ ಹೇಳಿ ಮಾಡಿಸಿದ ಜಾಗ. ಈ ನೀರಿನ ಮೇಲೆ ನಿಗಾ ಇಡುವ ತಂತ್ರ ನಮಗೆ ಹೊಸದೂ ಅಲ್ಲ. ಕೋವಿಡ್ ಕಾಲದಲ್ಲಿ ಬೆಂಗಳೂರಿನ ಕೊಳಚೆ ಶುದ್ಧೀಕರಣ ಘಟಕಗಳ ನೀರಿನಲ್ಲಿ ವೈರಸ್ಸಿನ ಏರಿಳಿತವನ್ನು ಟಾಟಾ ಇನ್‌ಸ್ಟಿಟ್ಯೂಟ್ ಫಾರ್ ಜೆನೆಟಿಕ್ಸ್ ಅಂಡ್ ಸೊಸೈಟಿಯ ವಿಜ್ಞಾನಿಗಳು ವಾರವಾರ ಅಳೆದಿದ್ದರು. ಅದೇ ಕ್ರಮದಲ್ಲಿ ಬೈರಮಂಗಲದ ಒಳಹರಿವಿನಲ್ಲೂ ಹೊರಹರಿವಿನಲ್ಲೂ ಎನ್‌ಡಿಎಂ, ಸಿಟಿಎಕ್ಸ್-ಎಂ ಜೀನುಗಳನ್ನು ಅಳೆದರೆ, ನಗರ ತನ್ನ ನೆರೆಯವರಿಗೆ ಏನನ್ನು ಕಳಿಸುತ್ತಿದೆ ಎಂಬುದಕ್ಕೆ ಅಂಕಿ ಸಿಗುತ್ತದೆ. ನಿರೋಧಕತೆಯನ್ನು ಔಷಧಿ ತಿನ್ನುವವರ ತಪ್ಪೆಂದು ಮಾತ್ರ ನೋಡಿದರೆ ಈ ಹೊಳೆ ಲೆಕ್ಕದಿಂದ ತಪ್ಪಿಹೋಗುತ್ತದೆ. ಎಂದೂ ಆಂಟಿಬಯೋಟಿಕ್ ಮುಟ್ಟದ ಮನೆಯ ಕರುಳಿಗೂ ಆ ಜೀನು ನೀರಿನ ದಾರಿಯಲ್ಲಿ ಬರಬಹುದು.

ಯಾವ ಕಿಣ್ವ ಎಂದು ಯಾರು ಹೇಳಬೇಕು?

ಇಷ್ಟೆಲ್ಲದರ ಸಾರ ಒಂದು. ಪ್ರತಿಯೊಂದು ಪ್ರತಿಬಂಧಕವೂ ಕೆಲವು ಕಿಣ್ವಗಳಿಗೆ ಮಾತ್ರ ಬೀಗ ಹಾಕುತ್ತದೆ. ಎದುರಿಗಿರುವುದು ಯಾವ ಕಿಣ್ವ ಎಂದು ತಿಳಿಯದೆ ಕೊಟ್ಟ ಜೊತೆಮದ್ದು ಕತ್ತಲಲ್ಲಿ ಎಸೆದ ಕಲ್ಲು. ಅದರ ಸುಳಿವು ಸಿಗುವುದು ಕಲ್ಚರ್ ಪರೀಕ್ಷೆಯಿಂದ: ಮೂತ್ರ, ರಕ್ತ, ಕೀವಿನಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ, ಯಾವ ಔಷಧಿಗೆ ಬಗ್ಗುತ್ತದೆ ಎಂದು ನೋಡುವುದು. ಅದಕ್ಕೆ ಎರಡು ಮೂರು ದಿನ ಬೇಕು, ಸೂಕ್ಷ್ಮಜೀವಿ ತಜ್ಞರು ಬೇಕು. ತಾಲ್ಲೂಕು ಮಟ್ಟದಲ್ಲಿ ಸಾಮಾನ್ಯವಾಗಿ ಈ ಸೌಲಭ್ಯ ಇರುವುದಿಲ್ಲ; ಖಾಸಗಿ ಲ್ಯಾಬುಗಳು ಮಾದರಿಯನ್ನು ನಗರಕ್ಕೆ ಕಳಿಸಿ ವರದಿ ತರಿಸುತ್ತವೆ. ಅಷ್ಟರಲ್ಲಿ ಒಂದು ಔಷಧಿ ಮುಗಿದು ಇನ್ನೊಂದು ಶುರುವಾಗಿರುತ್ತದೆ, ಅಥವಾ ರೋಗಿ ಮೈಸೂರು ರಸ್ತೆಯಲ್ಲಿ ಆಂಬುಲೆನ್ಸಿನಲ್ಲಿ ಇರುತ್ತಾರೆ.

ಕೊರತೆಯ ಇನ್ನೊಂದು ಮುಖವೂ ಇದೆ. ಕಾರ್ಬಪೆನೆಮ್‌ಗೆ ಜಗ್ಗದ ಬ್ಯಾಕ್ಟೀರಿಯಾದ ಸೋಂಕು ತಗುಲಿದವರಲ್ಲಿ ಸರಿಯಾದ ಆಂಟಿಬಯೋಟಿಕ್ ಪಡೆದವರು ಭಾರತದಲ್ಲಿ 2019ರಲ್ಲಿ ಸುಮಾರು ಶೇ 7.8 ಮಾತ್ರ ಎಂದು 2025ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ನಮ್ಮಲ್ಲಿ ಬೇಡದ ಕಡೆ ಮಾತ್ರೆ ಅತಿಯಾಗಿದೆ, ಬೇಕಾದ ಕಡೆ ಮದ್ದು ತಲುಪುತ್ತಿಲ್ಲ. ಔಷಧ ನಿರೋಧಕ ಸೋಂಕುಗಳೇ ನೇರ ಕಾರಣವಾಗಿ 2019ರಲ್ಲಿ ಜಗತ್ತಿನಲ್ಲಿ 12.7 ಲಕ್ಷ ಜನ ಸತ್ತರು ಎಂಬುದು ಲ್ಯಾನ್ಸೆಟ್ ಅಂದಾಜು. ಭಾರತದ ಪಾಲು ಸುಮಾರು 3 ಲಕ್ಷ.

ಕಾನೂನು ಏನೂ ಇಲ್ಲವೆಂದಲ್ಲ. 2014ರ ಮಾರ್ಚಿನಿಂದ ಜಾರಿಯಲ್ಲಿರುವ ಎಚ್1 ಅನುಸೂಚಿಯ ಪ್ರಕಾರ ಮೂರನೆಯ, ನಾಲ್ಕನೆಯ ತಲೆಮಾರಿನ ಸೆಫಲೋಸ್ಪೋರಿನ್, ಕಾರ್ಬಪೆನೆಮ್‌ಗಳನ್ನು ಮಾರಿದರೆ ವೈದ್ಯರ ಮತ್ತು ರೋಗಿಯ ಹೆಸರನ್ನು ಬೇರೆ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. 2016ರಲ್ಲಿ, ಚೀಟಿ ಇಲ್ಲದೆ ಕೊಳ್ಳಬೇಡಿ ಎಂದು ಎಚ್ಚರಿಸುವ ಮಾತ್ರೆಪಟ್ಟಿಯ ಕೆಂಪು ಗೆರೆಯ ಪ್ರಚಾರ ಶುರುವಾಯಿತು. 2024ರ ಜನವರಿಯಲ್ಲಿ ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ, ಆಂಟಿಬಯೋಟಿಕ್ ಬರೆಯುವಾಗ ಕಾರಣವನ್ನೂ ಬರೆಯಿರಿ ಎಂದು ವೈದ್ಯಕೀಯ ಕಾಲೇಜುಗಳ ವೈದ್ಯರನ್ನು ಕೇಳಿಕೊಂಡಿತು. ಇವುಗಳಲ್ಲಿ ಹೆಚ್ಚಿನವು ಮಾರಾಟದ ಮೇಲಿನ ಕಣ್ಣು. ಬರೆಯುವ ವೈದ್ಯರಿಗೆ ಸ್ಥಳೀಯ ಮಾಹಿತಿ ಕೊಡದೆ ಮಾರುವವರ ಪುಸ್ತಕ ತಪಾಸಣೆ ಮಾಡಿ ಪ್ರಯೋಜನ ಅಷ್ಟಕ್ಕಷ್ಟೆ.

ಸ್ಥಳೀಯ ಮಾಹಿತಿ ಎಂದರೆ ದೊಡ್ಡ ಯಂತ್ರವೇನೂ ಬೇಡ. ಜಿಲ್ಲಾ ಆಸ್ಪತ್ರೆಯಲ್ಲಿ ಗಟ್ಟಿಯಾದ ಒಂದು ಕಲ್ಚರ್ ಪ್ರಯೋಗಾಲಯ. ಎಲ್ಲ ತಾಲ್ಲೂಕುಗಳಿಂದ ದಿನವೂ ಮಾದರಿ ತರುವ ಒಂದು ವಾಹನ. ಫೋನಿನಲ್ಲಿ ವೈದ್ಯರಿಗೆ ತಲುಪುವ ವರದಿ. ವರ್ಷಕ್ಕೊಮ್ಮೆ ‘ನಮ್ಮ ಜಿಲ್ಲೆಯ ಉರಿಮೂತ್ರದ ಇ. ಕೋಲೈ ಯಾವ ಔಷಧಿಗೆ ಎಷ್ಟು ಬಗ್ಗುತ್ತದೆ’ ಎಂಬ ಒಂದು ಹಾಳೆಯ ಪಟ್ಟಿ. ಆ ಪಟ್ಟಿ ಇದ್ದರೆ ಸಾಮಾನ್ಯ ಉರಿಮೂತ್ರಕ್ಕೆ ನೈಟ್ರೊಫ್ಯುರಾಂಟೊಯಿನ್‌ನಂಥ ಹಳೆಯ, ಅಗ್ಗದ ಮಾತ್ರೆ ಸಾಕು ಎಂದು ವೈದ್ಯರು ಧೈರ್ಯವಾಗಿ ಬರೆಯಬಲ್ಲರು, ಜೊತೆಮದ್ದನ್ನು ಬೇಕಾದವರಿಗೆ ಉಳಿಸಬಲ್ಲರು. ಪಶು ಆಸ್ಪತ್ರೆಯ ಹಾಲಿನ ಮಾದರಿಗಳೂ ಅದೇ ವಾಹನದಲ್ಲಿ ಬಂದರೆ ಮನುಷ್ಯ ಮತ್ತು ಹಸುವಿನ ಲೆಕ್ಕ ಒಂದೇ ಕಡೆ ಸಿಗುತ್ತದೆ.

ಹೊಸ ಪ್ರತಿಬಂಧಕಗಳು ಬರಬೇಕು, ಎನ್‌ಡಿಎಂಗೆ ಉತ್ತರವಾಗುವಂಥವು ನಮ್ಮ ದೇಶದಿಂದಲೇ ಬಂದರೆ ಇನ್ನೂ ಒಳ್ಳೆಯದು. ಆದರೆ ಕ್ಲಾವುಲಾನಿಕ್ ಆಮ್ಲದಿಂದ ಅವಿಬ್ಯಾಕ್ಟಮ್‌ವರೆಗಿನ ಇತಿಹಾಸ ಹೇಳುವುದು ಇಷ್ಟೇ: ಪ್ರತಿ ಜೊತೆಮದ್ದೂ ನಮಗೆ ಕೆಲವು ವರ್ಷಗಳ ಕಾಲಾವಕಾಶ ಕೊಟ್ಟಿದೆ, ಆ ವರ್ಷಗಳನ್ನು ನಾವು ಬ್ರ್ಯಾಂಡುಗಳನ್ನು ಹೆಚ್ಚಿಸುವುದರಲ್ಲಿ ಕಳೆದಿದ್ದೇವೆ. ಮುಂದಿನ ಜೊತೆಮದ್ದು ಈ ಸೀಮೆಯ ಅಂಗಡಿಗಳಿಗೆ ಬರುವ ಮೊದಲು ಅದನ್ನು ಯಾರಿಗೆ ಕೊಡಬೇಕೆಂದು ಹೇಳಬಲ್ಲ ಪ್ರಯೋಗಾಲಯ ಬರಬೇಕು. ಓದುಗರು ತಮ್ಮ ಮಟ್ಟದಲ್ಲಿ ಮಾಡಬಹುದಾದದ್ದೂ ಉಂಟು. ಚೀಟಿ ಇಲ್ಲದೆ 625 ಕೊಳ್ಳಬೇಡಿ. ಬರೆದುಕೊಟ್ಟರೆ ‘ಕಲ್ಚರ್ ಮಾಡಿಸಬೇಕಾ ಡಾಕ್ಟ್ರೇ?’ ಎಂದು ಕೇಳಿ. ಹಸುವಿಗೆ ಸೂಜಿ ಕೊಡಿಸಿದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಹೇಳಿದಷ್ಟು ದಿನ ಆ ಹಾಲನ್ನು ಡೇರಿಗೆ ಹಾಕಬೇಡಿ. ನಿಮ್ಮ ಶಾಸಕರು ಮುಂದಿನ ಸಲ ಆಸ್ಪತ್ರೆಗೆ ಹೊಸ ಕಟ್ಟಡ ಕೊಡಿಸುವುದಾಗಿ ಹೇಳಿದಾಗ, ಅದರಲ್ಲಿ ಕಲ್ಚರ್ ಲ್ಯಾಬ್ ಯಾವ ಕೋಣೆಯಲ್ಲಿ ಎಂದು ಕೇಳುವುದನ್ನು ಮರೆಯಬೇಡಿ.